ಈಜುಕೊಳ ಹಸಿರಾದಾಗ

2016ರ ಆಗಸ್ಟ್ 9. ಬ್ರೆಜಿಲ್‌ನ ರಿಯೋ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ಭರದಿಂದ ಸಾಗಿದ್ದವು. ಮರಿಯಾ ಲೆಂಕ್ ಜಲಕ್ರೀಡಾ ಕೇಂದ್ರದಲ್ಲಿ ಅಂದು ಮಹಿಳೆಯರ ಜೋಡಿ ಡೈವಿಂಗ್ ಸ್ಪರ್ಧೆ. ಪ್ರೇಕ್ಷಕರು ಕಣ್ಣುಜ್ಜಿಕೊಂಡು ನೋಡಿದರು. ಹಿಂದಿನ ದಿನ ತಿಳಿನೀಲಿಯಾಗಿದ್ದ ಕೊಳದ ನೀರು ಹಸಿರಾಗಿತ್ತು! ಪಕ್ಕದ ಕೊಳ ಮಾತ್ರ ನೀಲಿಯಾಗಿಯೇ ಇತ್ತು. ಮಾರನೆಯ ದಿನ ಅದೂ ಹಸಿರಿಗೆ ತಿರುಗಿತು. ಅದರಲ್ಲಿ ವಾಟರ್ ಪೋಲೊ ಆಡಿದವರು ಕಣ್ಣುರಿಯೆಂದು ದೂರಿದರು.

ಸಂಘಟಕರು ದಿನಕ್ಕೊಂದು ಕಾರಣ ಹೇಳಿದರು. ಕೊನೆಗೆ ಹೊರಬಿದ್ದ ಸಂಗತಿ ಇಷ್ಟು: ಉದ್ಘಾಟನೆಯ ದಿನವಾದ ಆಗಸ್ಟ್ 5ರಂದು ಗುತ್ತಿಗೆದಾರರು 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡನ್ನು ಡೈವಿಂಗ್ ಕೊಳಕ್ಕೆ ಸುರಿದಿದ್ದರು. ಪೆರಾಕ್ಸೈಡೂ ಸೂಕ್ಷ್ಮಜೀವಿನಾಶಕ, ನೀರಿನಲ್ಲಿ ಮೊದಲೇ ಇದ್ದ ಕ್ಲೋರಿನ್ ಸಹ ಸೂಕ್ಷ್ಮಜೀವಿನಾಶಕ. ಆದರೆ ಎರಡೂ ಕೂಡಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಕಾವಲುಗಾರರಿಬ್ಬರು ತಮ್ಮಲ್ಲೇ ಹೊಡೆದಾಡಿ ಬಿದ್ದಂತಾಯಿತು. ಮನೆ ಕಳ್ಳನ ಪಾಲಾಯಿತು. ಕಲಾತ್ಮಕ ಈಜು ನಡೆಯಬೇಕಿದ್ದ ಕೊಳದಿಂದ ಸುಮಾರು 37 ಲಕ್ಷ ಲೀಟರ್ ನೀರನ್ನು ಹೊರಹಾಕಿ, ಪಕ್ಕದ ಅಭ್ಯಾಸದ ಕೊಳದ ಶುದ್ಧ ನೀರನ್ನು ರಾತ್ರೋರಾತ್ರಿ ತುಂಬಿಸಬೇಕಾಯಿತು.

ಒಲಿಂಪಿಕ್ ಕೊಳದ ಪಾಡೇ ಹೀಗಾದರೆ, ಬೇಸಿಗೆ ರಜೆಯಲ್ಲಿ ಮಕ್ಕಳು ಕಿಕ್ಕಿರಿಯುವ ನಮ್ಮ ಊರುಗಳ ಈಜುಕೊಳಗಳ ಗತಿಯೇನು?

ಹಸಿರಿನ ಹಿಂದಿನ ಅಪಾಯ

ಪಾಚಿಯನ್ನು ಯಾರೂ ತಂದು ಹಾಕಬೇಕಿಲ್ಲ. ಗಾಳಿ, ಮಳೆಹನಿ, ಈಜುವವರ ಬಟ್ಟೆ ಇವುಗಳ ಜೊತೆಯಲ್ಲೇ ಅದರ ಬೀಜಕಣಗಳು ಬರುತ್ತವೆ. ಬಿಸಿಲಿದೆ, ಬೆಚ್ಚನೆಯ ನೀರಿದೆ. ಬೆವರು, ಮೂತ್ರ, ಉದುರಿದ ಎಲೆಗಳಿಂದ ನೈಟ್ರೇಟು, ಫಾಸ್ಫೇಟುಗಳ ಗೊಬ್ಬರವೂ ಸಿಗುತ್ತದೆ. ಕ್ಲೋರಿನ್ ಒಂದೆರಡು ದಿನ ಕೈಕೊಟ್ಟರೆ ಸಾಕು, ಕೊಳವೇ ಗದ್ದೆಯಾಗುತ್ತದೆ.

ಕೊಳದ ಹಸಿರು ಪಾಚಿ ಸಾಮಾನ್ಯವಾಗಿ ತಾನೇ ರೋಗ ತರುವುದಿಲ್ಲ. ಅಪಾಯವಿರುವುದು ಬೇರೆಡೆ. ಪಾಚಿ ಬೆಳೆದಿದೆ ಎಂದರೆ ಕ್ಲೋರಿನ್ ಸೋತಿದೆ ಎಂದರ್ಥ. ಪಾಚಿಯನ್ನೇ ತಡೆಯಲಾಗದ ನೀರಿನಲ್ಲಿ ವಾಂತಿಭೇದಿಯ ರೋಗಾಣುಗಳೂ ಉಳಿದಾವು. ಬೆಚ್ಚನೆಯ ಸಿಹಿನೀರಿನಲ್ಲಿ ಬದುಕುವ ನೆಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮೆದುಳನ್ನು ಸೇರಬಲ್ಲದು. 2024ರಲ್ಲಿ ನೆರೆಯ ಕೇರಳದಲ್ಲಿ ಅಮೀಬಾದಿಂದ ಬರುವ ಮೆದುಳಿನ ಉರಿಯೂತಕ್ಕೆ ಮಕ್ಕಳು ಬಲಿಯಾದಾಗ, ನೀರಿಗೆ ಸರಿಯಾಗಿ ಕ್ಲೋರಿನ್ ಬೆರೆಸುವ ಮಾತು ಎಲ್ಲೆಡೆ ಕೇಳಿಬಂತು.

ಇನ್ನೂ ದೊಡ್ಡ ಅಪಾಯವೊಂದಿದೆ. ಕದಡಿದ ನೀರಿನಲ್ಲಿ ತಳ ಕಾಣುವುದಿಲ್ಲ. ಮುಳುಗುವ ಮಗು ಕೂಗುವುದಿಲ್ಲ. ಸದ್ದಿಲ್ಲದೆ ತಳ ಸೇರುತ್ತದೆ. ದಡದಲ್ಲಿ ರಕ್ಷಕನಿದ್ದೂ ಅವನಿಗೆ ಕಾಣದೇ ಹೋಗಬಹುದು. ಆದ್ದರಿಂದಲೇ, ಅತಿ ಆಳದ ಕಡೆ ತಳದಲ್ಲಿರುವ ನೀರು ಹೋಗುವ ಜಾಲರಿ ದಡದಿಂದ ಸ್ಪಷ್ಟವಾಗಿ ಕಾಣದಿದ್ದರೆ ಕೊಳವನ್ನು ಮುಚ್ಚಲೇಬೇಕು.

ಶುದ್ಧಿಯ ಕ್ರಮ

ಕೊಳ ಹಸಿರಾದೊಡನೆ ಬ್ಲೀಚಿಂಗ್ ಪೌಡರನ್ನು ಮೂಟೆಗಟ್ಟಲೆ ಸುರಿಯುವವರುಂಟು. ಮೊದಲು ನೋಡಬೇಕಾದ್ದು ನೀರಿನ ಪಿಎಚ್ ಮೌಲ್ಯ. ಕ್ಲೋರಿನ್ ನೀರಿನೊಡನೆ ಸೇರಿದಾಗ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ಕೊಲ್ಲುವ ಕೆಲಸ ಮಾಡುವುದು ಮುಖ್ಯವಾಗಿ ಅದೇ. ಪಿಎಚ್ 7.5 ಇದ್ದಾಗ ಕ್ಲೋರಿನ್ನಿನ ಸುಮಾರು ಅರ್ಧಭಾಗ ಈ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೇರಿದರೆ ಕಾಲುಭಾಗವೂ ಉಳಿಯುವುದಿಲ್ಲ. ಆದಕಾರಣ ಮೊದಲು ಪಿಎಚ್ಚನ್ನು 7.2ರ ಸುಮಾರಿಗೆ ಇಳಿಸಬೇಕು. ಇದಕ್ಕೆ ಬಳಸುವ ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಹಾಕಬಾರದು. ಆಮ್ಲ, ಬ್ಲೀಚಿಂಗ್ ಪೌಡರ್ ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಿದರಂತೂ ವಿಷಾನಿಲವೇ ಏಳುತ್ತದೆ.

ನಂತರ ಗೋಡೆ, ಮೆಟ್ಟಿಲು, ಮೂಲೆಗಳನ್ನು ಬ್ರಷ್‌ನಿಂದ ಚೆನ್ನಾಗಿ ಉಜ್ಜಬೇಕು. ಪಾಚಿಯ ಲೋಳೆಪದರ ಒಡೆಯದೆ ಕ್ಲೋರಿನ್ ಒಳಹೋಗದು. ಆಮೇಲೆ ಕ್ಲೋರಿನ್ನಿನ ಸರದಿ. ಲೆಕ್ಕ ಸುಲಭ. 25 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳದಲ್ಲಿ 3 ಲಕ್ಷ ಲೀಟರ್ ನೀರಿರುತ್ತದೆ. ಹತ್ತು ಲಕ್ಷಕ್ಕೆ ಹತ್ತು ಭಾಗದಂತೆ 3 ಕಿಲೋ ಕ್ಲೋರಿನ್ ಬೇಕು. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಮೂರನೇ ಒಂದು ಭಾಗ ಕ್ಲೋರಿನ್ ಇರುವುದರಿಂದ ಸುಮಾರು 9 ಕಿಲೋ ಪುಡಿ ಬೇಕಾಗುತ್ತದೆ. ಪುಡಿಯನ್ನು ನೇರವಾಗಿ ಎರಚದೆ, ಬಕೆಟ್ಟಿನ ನೀರಿನಲ್ಲಿ ಕಲಕಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಹಾಕಬೇಕು. ಇದನ್ನು ಸೂರ್ಯ ಮುಳುಗಿದ ಮೇಲೆಯೇ ಮಾಡಬೇಕು. ಹಗಲಿನಲ್ಲಿ ಹಾಕಿದರೆ ಬಿಸಿಲಿನ ಅತಿನೇರಳೆ ಕಿರಣಗಳು ಒಂದೆರಡು ಗಂಟೆಯಲ್ಲೇ ಬಹುಪಾಲು ಕ್ಲೋರಿನ್ನನ್ನು ಒಡೆದುಹಾಕುತ್ತವೆ.

ಹಸಿರು ಹೋಗಿ ನೀರು ಬೂದಿಬಿಳುಪಾದರೆ ಪಾಚಿ ಸತ್ತಿದೆ ಎಂದು ತಿಳಿಯಬಹುದು. ಅರ್ಧ ಕೆಲಸ ಮುಗಿಯಿತು. ಹೆಣ ಹೊರಸಾಗಿಸುವ ಕೆಲಸ ಇನ್ನೂ ಇದೆ.

ಮರಳಿನ ಮಹಿಮೆ

ನೀರನ್ನು ಮರಳಿನಲ್ಲಿ ಸೋಸುವುದು ಹಳೆಯ ವಿದ್ಯೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾಕ್ಕೆ 8 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದೇ ಎಲ್ಬ್ ನದಿಯ ನೀರನ್ನು ಕುಡಿಯುತ್ತಿದ್ದ ಪಕ್ಕದ ಆಲ್ಟೋನ ಪಟ್ಟಣ ಬಹುಮಟ್ಟಿಗೆ ಪಾರಾಯಿತು. ಅಲ್ಲಿ ನೀರನ್ನು ಮರಳಿನಲ್ಲಿ ಸೋಸುತ್ತಿದ್ದರು, ಹ್ಯಾಂಬರ್ಗಿನಲ್ಲಿ ಸೋಸುತ್ತಿರಲಿಲ್ಲ.

ಆಲ್ಟೋನದ ಮರಳಹಾಸಿನಲ್ಲಿ ನೀರು ನಿಧಾನವಾಗಿ ಇಳಿಯುತ್ತಿತ್ತು. ಮೇಲಿನ ಜೀವಪದರವೇ ರೋಗಾಣುಗಳನ್ನು ಹಿಡಿಯುತ್ತಿತ್ತು. ಈಜುಕೊಳದ ಫಿಲ್ಟರ್ ಬೇರೆ ಜಾತಿಯದು. ಮುಚ್ಚಿದ ತೊಟ್ಟಿಯಲ್ಲಿ ಸುಮಾರು ಅರ್ಧ ಮಿಲಿಮೀಟರ್ ಗಾತ್ರದ ಮರಳು ತುಂಬಿರುತ್ತದೆ. ಪಂಪ್ ನೀರನ್ನು ಒತ್ತಡದಿಂದ ಅದರ ಮೂಲಕ ನುಗ್ಗಿಸುತ್ತದೆ. ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್. 20ರಿಂದ 40 ಮೈಕ್ರಾನ್‌ವರೆಗಿನ ಕಣಗಳನ್ನು ಈ ಮರಳು ಹಿಡಿದೀತು. ಪಾಚಿಯ ಎಷ್ಟೋ ಜೀವಕೋಶಗಳು 10 ಮೈಕ್ರಾನಿಗಿಂತ ಚಿಕ್ಕವು. ಅವು ನುಸುಳಿ ಮತ್ತೆ ಕೊಳಕ್ಕೇ ಬರುತ್ತವೆ. ಆಗ ನೆರವಾಗುವುದು ಪಟಿಕ. ಅದು ಸಣ್ಣ ಕಣಗಳನ್ನು ಗೊಂಚಲಾಗಿಸಿ ತಳಕ್ಕಿಳಿಸುತ್ತದೆ. ರಾತ್ರಿ ಪಂಪ್ ನಿಲ್ಲಿಸಿ, ಬೆಳಗ್ಗೆ ತಳದ ಗಸಿಯನ್ನು ಕೊಳವೆಯಿಂದ ಹೀರಿ, ಫಿಲ್ಟರಿಗೆ ಬಿಡದೆ ನೇರವಾಗಿ ಹೊರಹಾಕಬೇಕು.

ಫಿಲ್ಟರಿನ ನಾಡಿ ಅದರ ಒತ್ತಡಮಾಪಕ. ಮರಳು ಶುಚಿಯಾಗಿದ್ದಾಗಿನ ಅಂಕಿಯನ್ನು ತೊಟ್ಟಿಯ ಮೇಲೇ ಬರೆದಿಡುವುದು ಒಳ್ಳೆಯದು. ಮುಳ್ಳು ಅದಕ್ಕಿಂತ 8ರಿಂದ 10 ಪೌಂಡು ಮೇಲೇರಿದರೆ ಮರಳು ಕೊಳೆಯಿಂದ ತುಂಬಿದೆ ಎಂದರ್ಥ. ಆಗ ಪಂಪ್ ನಿಲ್ಲಿಸಿ, ಕವಾಟದ ಹಿಡಿಯನ್ನು ‘ಬ್ಯಾಕ್‌ವಾಶ್’ಗೆ ತಿರುಗಿಸಿ, ನೀರನ್ನು ಕೆಳಗಿನಿಂದ ಮೇಲಕ್ಕೆ ಹರಿಸಬೇಕು. ಪಂಪ್ ಓಡುತ್ತಿರುವಾಗಲೇ ಹಿಡಿ ತಿರುಗಿಸಿದರೆ ಕವಾಟದ ಒಳಗಿನ ರಬ್ಬರ್ ಹಾಳಾಗುತ್ತದೆ. ಎರಡು ಮೂರು ನಿಮಿಷದಲ್ಲಿ ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುತ್ತದೆ. ಬಳಿಕ ಪಂಪ್ ಮತ್ತೆ ನಿಲ್ಲಿಸಿ, ಹಿಡಿಯನ್ನು ‘ರಿನ್ಸ್’ಗೆ ತಿರುಗಿಸಿ, ಅರ್ಧ ನಿಮಿಷ ಹರಿಸಿ, ಮೊದಲಿನ ಸ್ಥಾನಕ್ಕೆ ತರಬೇಕು.

ದಿನವೂ ಹೀಗೆ ತೊಳೆದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ತುಸು ಕೊಳೆ ಹಿಡಿದ ಮರಳು ಹೊಸ ಮರಳಿಗಿಂತ ಚೆನ್ನಾಗಿ ಸೋಸುತ್ತದೆ! ಸಿಕ್ಕಿಬಿದ್ದ ಕಣಗಳೇ ಸಂದುಗಳನ್ನು ಕಿರಿದಾಗಿಸುವುದು ಇದಕ್ಕೆ ಕಾರಣ. ಅತಿ ತೊಳೆದರೆ ನೀರೂ ದಂಡ, ಗುಣವೂ ದಂಡ.

ಮೈಎಣ್ಣೆ, ಸುಣ್ಣ ಸೇರಿ ಮರಳು ಕ್ರಮೇಣ ಗಂಟು ಕಟ್ಟುತ್ತದೆ. ನೀರು ಗಂಟುಗಳ ನಡುವೆ ಕಾಲುವೆ ಮಾಡಿಕೊಂಡು ಸೋಸದೆ ಹಾದುಹೋಗುತ್ತದೆ. ಐದಾರು ವರ್ಷಕ್ಕೊಮ್ಮೆ ಮರಳು ಬದಲಿಸುವುದು ರೂಢಿ. ಕಾಳು ಒಂದೇ ಅಳತೆಯಲ್ಲಿಲ್ಲದ, ಮಣ್ಣು ಬೆರೆತ ಹೊಳೆಮರಳು ಇದಕ್ಕಾಗದು. ಕೊಳದ ತಳದಲ್ಲೇ ಮರಳು ಕಂಡುಬಂದರೆ ಫಿಲ್ಟರಿನೊಳಗಿನ ಸೀಳುಕೊಳವೆ ಒಡೆದಿದೆಯೇ ಎಂದು ಪರೀಕ್ಷಿಸಬೇಕು.

ಗ್ರೀಕ್ ಭಾಷೆಯಲ್ಲಿ ‘ಕ್ಲೋರೋಸ್’ ಎಂದರೆ ಹಳದಿ ಮಿಶ್ರಿತ ಹಸಿರು. 1810ರಲ್ಲಿ ಹಂಫ್ರಿ ಡೇವಿ ಅನಿಲದ ಬಣ್ಣ ನೋಡಿ ಕ್ಲೋರಿನ್ ಎಂದು ಹೆಸರಿಟ್ಟ. ಹಸಿರಿನ ಹೆಸರು ಹೊತ್ತದ್ದೇ ಕೊಳದ ಹಸಿರನ್ನು ಓಡಿಸುತ್ತದೆ ಎಂಬುದು ಸ್ವಾರಸ್ಯ. ಆದರೆ ಅದು ದಿನದಿನವೂ ಹತ್ತು ಲಕ್ಷಕ್ಕೆ ಒಂದರಿಂದ ಮೂರು ಭಾಗದಷ್ಟು ನೀರಿನಲ್ಲಿ ಇದ್ದರೆ ಮಾತ್ರ.

ಮಕ್ಕಳನ್ನು ಈಜು ಕಲಿಯಲು ಕಳುಹಿಸುವ ತಂದೆತಾಯಿಯರಿಗೆ ಪ್ರಯೋಗಶಾಲೆ ಬೇಕಿಲ್ಲ. ಆಳದ ಕಡೆ ದಡದಲ್ಲಿ ನಿಂತು ಕೆಳಗೆ ನೋಡಿದರಾಯಿತು. ತಳದ ಜಾಲರಿ ನಿಚ್ಚಳವಾಗಿ ಕಂಡರೆ ಮಾತ್ರ ಮಗು ನೀರಿಗಿಳಿಯಲಿ. ಕಾಣದಿದ್ದರೆ, ಕಟ್ಟಿದ ಶುಲ್ಕ ಹೋದರೂ ಚಿಂತೆಯಿಲ್ಲ, ಅಂದು ಮನೆಗೆ ಮರಳುವುದೇ ಲೇಸು.