ಸ್ಟೀಮರ್ ‘ಜುಮ್’ ಅಂದ ಸಂಜೆ

“ಚಪ್ಪಲಿ ಹಾಕ್ಕೊಂಡು ಮುಟ್ಟಿ ಅಕ್ಕ, ಏನೂ ಆಗಲ್ಲ.”

ಕಡಕೊಳದಲ್ಲಿ ನನ್ನ ಅಕ್ಕ ಒಂದು ಪುಟ್ಟ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಅಲ್ಲಿ ಕೆಲಸಕ್ಕಿರುವ ಹುಡುಗಿ ಈ ಮಾತು ಹೇಳಿದಾಗ ನನ್ನ ಬೆರಳು ಇನ್ನೂ ಜುಮ್ಮೆನ್ನುತ್ತಿತ್ತು. ಚಿಕ್ಕಪ್ಪನ ಮಗಳ ಮದುವೆಗೆ ಎರಡೇ ದಿನ ಬಾಕಿ. ಶಿಫ್ಟ್ ಮುಗಿಸಿ ಫೇಶಿಯಲ್ ಮಾಡಿಸಿಕೊಳ್ಳೋಣ ಅಂತ ಹೋದವಳು, ಸ್ಟೀಮರನ್ನು ಹತ್ತಿರ ಎಳೆಯೋಕೆ ಅದರ ಕಬ್ಬಿಣದ ಕಂಬ ಹಿಡಿದೆ. ಶಾಕ್ ಹೊಡೀತು. ದೊಡ್ಡದೇನಲ್ಲ, ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು.

“ಎಷ್ಟು ದಿನದಿಂದ ಹೀಗಿದೆ?” ಅಂದೆ.

“ಯುಗಾದಿಯಿಂದ ಇರಬೇಕು” ಅಂದಳು ಹುಡುಗಿ, ಮಳೆ ಬಂದು ಎಷ್ಟು ದಿನ ಆಯ್ತು ಅಂತ ಹೇಳುವ ಹಾಗೆ.

ಒಳಗಿನಿಂದ ಅಕ್ಕನ ದನಿ: “ಅಯ್ಯೋ, ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೇ ಕಣೇ. ಹೊಸದು ತಗೊಳ್ಳೋಕೆ ದುಡ್ಡೆಲ್ಲಿದೆ?”

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ನಾನು ಇದೇ ಕಡಕೊಳದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಎಂಜಿನಿಯರ್. ಅಲ್ಲಿ ಒಂದು ಮೋಟಾರ್ ಮೈಮೇಲೆ ಕರೆಂಟ್ ಬಂದರೆ ತಕ್ಷಣ ಮೇನ್ ಆಫ್, ಬೀಗ, ಕೆಂಪು ಚೀಟಿ, ರಿಜಿಸ್ಟರ್‌ನಲ್ಲಿ ಸಹಿ. ಆದರೆ ಸ್ವಂತ ಅಕ್ಕನ ಅಂಗಡಿಯಲ್ಲಿ ವರ್ಷಗಟ್ಟಲೆ ಕಣ್ಣು ಮುಚ್ಚಿ ಫೇಶಿಯಲ್ ಮಾಡಿಸಿಕೊಂಡಿದ್ದೇನೆ. ಪ್ಲಗ್ ಎಲ್ಲಿಗೆ ಹೋಗಿದೆ ಅಂತ ಒಮ್ಮೆಯೂ ನೋಡಿರಲಿಲ್ಲ.

ಮೂರನೇ ಪಿನ್ನಿನ ಕಥೆ

ಅವತ್ತು ಫೇಶಿಯಲ್ ಆಗಲಿಲ್ಲ. ಮೇನ್ ಆಫ್ ಮಾಡಿ ಸ್ವಿಚ್ ಬೋರ್ಡ್ ಬಿಚ್ಚಿದೆ. ಪ್ಲಗ್‌ನಲ್ಲಿ ದಪ್ಪಗೆ, ಉದ್ದಕ್ಕೆ ಇರುವ ಮೂರನೇ ಪಿನ್ ಇದೆಯಲ್ಲ, ಅದು ಅರ್ಥ್ ಪಿನ್. ಬೋರ್ಡಿನಲ್ಲಿ ಅದು ಕೂರುವ ತೂತಿನ ಹಿಂದೆ ವೈರೇ ಇರಲಿಲ್ಲ! ಅಂಗಡಿಗೆ ವೈರಿಂಗ್ ಮಾಡಿದವರು ಎರಡು ವೈರ್ ಎಳೆದು ಕೈ ತೊಳೆದುಕೊಂಡಿದ್ದರು.

ನಮ್ಮ ಮನೆ-ಅಂಗಡಿಗಳಿಗೆ ಬರುವುದು 230 ವೋಲ್ಟ್. ಸ್ಟೀಮರ್‌ನ ಹೀಟರ್ ಹಳತಾಗಿ ಒಳಗೆ ತೇವ ಸೇರಿದರೆ ಕರೆಂಟ್ ಹೊರಗಿನ ಲೋಹಕ್ಕೆ ಸೋರುತ್ತದೆ. ಅರ್ಥ್ ವೈರ್ ಇದ್ದರೆ ಅದರ ಮೂಲಕ ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈ ಮೂಲಕ ಇಳಿಯುತ್ತದೆ. ಸುಮಾರು 1 ಮಿಲಿ ಆಂಪಿಯರ್‌ಗೆ ‘ಜುಮ್’ ಅನ್ನಿಸುತ್ತದೆ. 10 ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳೋಕೇ ಆಗದಿರಬಹುದು. ಇವತ್ತು ಒಣ ಕೈ, ರಬ್ಬರ್ ಚಪ್ಪಲಿ. ನಾಳೆ ಪೆಡಿಕ್ಯೂರ್ ಟಬ್‌ನಲ್ಲಿ ಕಾಲಿಟ್ಟವರೇ ಆ ಕಂಬ ಹಿಡಿದರೆ? ಆ ಹುಡುಗಿ ದಿನಕ್ಕೆ ಎಷ್ಟು ಸಲ ಒದ್ದೆ ಕೈಯಲ್ಲಿ ಅದನ್ನು ಮುಟ್ಟುತ್ತಾಳೆ ಅಂತ ನೆನೆದು ನನಗೆ ನಿದ್ದೆ ಬರಲಿಲ್ಲ.

“ಎಂಸಿಬಿ ಇದೆಯಲ್ಲ” ಅಂದಳು ಅಕ್ಕ. ಇದೆ, ಆದರೆ ಎಂಸಿಬಿ ಕಾಯುವುದು ವೈರನ್ನು. ಲೋಡ್ ಜಾಸ್ತಿಯಾದಾಗ, ಶಾರ್ಟ್ ಆದಾಗ ಬೀಳುತ್ತದೆ. ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ. 30 ಮಿಲಿ ಆಂಪಿಯರ್‌ನದು ಹಾಕಿದರೆ, ಅಷ್ಟು ಕರೆಂಟ್ ಸೋರುವಷ್ಟರಲ್ಲಿ ಕ್ಷಣಾರ್ಧದಲ್ಲಿ ಲೈನ್ ಕಟ್ ಮಾಡುತ್ತದೆ.

ಇನ್ನೊಂದು ತಪ್ಪು ಕಣ್ಣೆದುರೇ ಇತ್ತು. ಸ್ಟೀಮರ್, ವ್ಯಾಕ್ಸ್ ಹೀಟರ್, ಹೇರ್ ಡ್ರೈಯರ್ ಮೂರೂ ಒಂದೇ 6 ಆಂಪಿಯರ್ ಎಕ್ಸ್‌ಟೆನ್ಶನ್ ಬೋರ್ಡಿಗೆ. 2000 ವ್ಯಾಟ್‌ನ ಡ್ರೈಯರ್ ಒಂದೇ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ. ಬೋರ್ಡಿನ ಒಂದು ಮೂಲೆ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು.

ನೀಲಿ ಬೆಳಕಿನ ಡಬ್ಬಿ

ಬಾಚಣಿಗೆ, ಕತ್ತರಿ ಇಡುವ ನೀಲಿ ದೀಪದ ಡಬ್ಬಿ ನೋಡಿರುತ್ತೀರಿ. ಯುವಿ ಅಂದರೆ ಅತಿನೇರಳೆ ಬೆಳಕು. ಅಕ್ಕನ ಅಂಗಡಿಯ ಡಬ್ಬಿಯಲ್ಲಿ ಬಾಗಿಲು ತೆಗೆದರೂ ದೀಪ ಉರಿಯುತ್ತಿತ್ತು; ಆರಿಸುವ ಸ್ವಿಚ್ ಕೆಟ್ಟಿತ್ತು. ಈ ಬೆಳಕು ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು. ಜೊತೆಗೆ ಅದು ಬಿದ್ದ ಕಡೆ ಮಾತ್ರ ಕೆಲಸ ಮಾಡುತ್ತದೆ. ಬಾಚಣಿಗೆಯ ನೆರಳಿಗೆ, ಕೂದಲಿನ ಕೆಳಗಿನ ಕೊಳೆಗೆ ಅದು ತಲುಪುವುದಿಲ್ಲ. ಮೊದಲು ಸೋಪಿನಲ್ಲಿ ತೊಳೆದು, ಸೋಂಕುನಾಶಕದಲ್ಲಿ ಅದ್ದಿ, ಒಣಗಿಸಿದ ಮೇಲೆ ಎತ್ತಿಡುವ ಜಾಗ ಅದು. ಹೆಪಟೈಟಿಸ್-ಬಿ ವೈರಸ್ ಮೈಯಿಂದ ಹೊರಗೆ ಕನಿಷ್ಠ 7 ದಿನ ಜೀವ ಹಿಡಿದಿರಬಲ್ಲದು. ಆದ್ದರಿಂದ ಬ್ಲೇಡ್ ಯಾವಾಗಲೂ ಹೊಸದೇ ಆಗಬೇಕು.

ಸರಿಯಾಗಿದ್ದರೂ ಅಪಾಯ

ಅಕ್ಕನ ಬೋರ್ಡಿನಲ್ಲಿ ‘ಡಿ-ಟ್ಯಾನ್’ ಅಂತ ದಪ್ಪಗೆ ಬರೆದಿದೆ. ನಾವು ಬಿಸಿಲಿನ ಕಪ್ಪು ತೆಗೆಸೋಕೆ ದುಡ್ಡು ಕೊಡ್ತೀವಿ. ಯೂರೋಪ್, ಅಮೆರಿಕದಲ್ಲಿ ಕಂದಾಗೋಕೆ ಕೊಡ್ತಾರೆ. ಅಲ್ಲಿನ ಟ್ಯಾನಿಂಗ್ ಸಲೂನ್‌ಗಳಲ್ಲಿ ಯುವಿ ಟ್ಯೂಬ್‌ಗಳ ನಡುವೆ ಮಲಗಿಸುವ ಸನ್‌ಬೆಡ್ ಇರುತ್ತದೆ. ಕಣ್ಣಿಗೆ ಕನ್ನಡಕ, ತಾನೇ ಆರುವ ಟೈಮರ್, ಪ್ರತಿಯೊಬ್ಬರ ನಂತರ ಒರೆಸುವುದು ಅದರ ಮೂಲ ನಿಯಮಗಳು. ಟ್ಯೂಬ್ ಹಳತಾದಂತೆ ಶಕ್ತಿ ಕುಂದುತ್ತದೆ. ಹೊಸದು ಹಾಕಿದ ದಿನ ಸಮಯ ಕಡಿಮೆ ಮಾಡದಿದ್ದರೆ ಅದೇ ಹತ್ತು ನಿಮಿಷ ಚರ್ಮ ಸುಡುತ್ತದೆ. ಇಷ್ಟೆಲ್ಲ ನೋಡಿಕೊಂಡರೂ ಅಪಾಯ ತಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಸನ್‌ಬೆಡ್ಡನ್ನು ತಂಬಾಕಿನ ಜೊತೆಗೇ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿಗೆ ಸೇರಿಸಿತು. ಬ್ರೆಜಿಲ್ ಅದೇ ವರ್ಷ ನಿಷೇಧಿಸಿತು.

ಅದರ ಚಿಕ್ಕ ತಂಗಿ ಈಗ ನಮ್ಮ ಊರಿಗೂ ಬಂದಿದ್ದಾಳೆ: ಜೆಲ್ ನೇಲ್ ಪಾಲಿಶ್ ಒಣಗಿಸುವ ಯುವಿ ದೀಪ. ಬೆಳಕಿನ ಪ್ರಮಾಣ ಸನ್‌ಬೆಡ್‌ಗಿಂತ ತುಂಬಾ ಕಡಿಮೆ, ಬೀಳುವುದು ಬೆರಳಿಗಷ್ಟೇ. ಆದರೂ ಈ ದೀಪ ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡುವುದನ್ನು 2023ರಲ್ಲಿ ‘ನೇಚರ್ ಕಮ್ಯುನಿಕೇಶನ್ಸ್’ನಲ್ಲಿ ಬಂದ ಪ್ರಯೋಗಾಲಯದ ಅಧ್ಯಯನ ತೋರಿಸಿತು. ಹೆದರಬೇಕಿಲ್ಲ, ಎಚ್ಚರ ಸಾಕು. ಕೈಗೆ ಮೊದಲೇ ಸನ್‌ಸ್ಕ್ರೀನ್ ಹಚ್ಚಿ, ಇಲ್ಲವೇ ಬೆರಳ ತುದಿ ಕತ್ತರಿಸಿದ ಗ್ಲೌಸ್ ಹಾಕಿ. ಟೈಮರ್ ಕೆಟ್ಟ ದೀಪಕ್ಕೆ ಕೈ ಒಡ್ಡಬೇಡಿ.

ಕೂರುವ ಮೊದಲು ಒಂದು ನಿಮಿಷ

• ಪ್ಲಗ್‌ಗೆ ಮೂರು ಪಿನ್ ಇದೆಯಾ? ವೈರ್‌ಗೆ ಟೇಪ್ ಸುತ್ತಿದೆಯಾ?
• ಹೀಟ್ ಆಗುವ ಯಂತ್ರಗಳೆಲ್ಲ ಒಂದೇ ಎಕ್ಸ್‌ಟೆನ್ಶನ್‌ಗೆ ನೇತಾಡುತ್ತಿವೆಯಾ?
• ಯಂತ್ರ ಮುಟ್ಟಿದಾಗ ಜುಮ್ ಅನ್ನುತ್ತಾ? ಅಂದರೆ ಎದ್ದು ಬನ್ನಿ, ಹೇಳಿಯೇ ಬನ್ನಿ.
• ಬ್ಲೇಡ್ ನಿಮ್ಮೆದುರೇ ಬಿಚ್ಚಿದರಾ?

ಕೇಳೋಕೆ ಸಂಕೋಚ ಬೇಡ. ನಿಮಗಿಂತ ಹೆಚ್ಚು ಹೊತ್ತು ಆ ಯಂತ್ರದ ಜೊತೆ ಇರುವವಳು ಅಲ್ಲಿ ಕೆಲಸ ಮಾಡುವ ಹುಡುಗಿ. ಅವಳು ಓನರ್‌ಗೆ ಹೇಳೋಕೆ ಹೆದರುವುದನ್ನು ಗ್ರಾಹಕರಾದ ನೀವು ಹೇಳಬಹುದು.

ಅಕ್ಕನ ಅಂಗಡಿಗೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದರು. ಹಿತ್ತಲಲ್ಲಿ ಒಣಗಿ ನಿಂತಿದ್ದ ಅರ್ಥ್ ಗುಂಡಿ ಸರಿಮಾಡಿ ವೈರ್ ಎಳೆದರು. ಆರ್‌ಸಿಸಿಬಿ, 16 ಆಂಪಿಯರ್ ಸಾಕೆಟ್‌ಗಳು ಬಂದವು. ಹೊಸ ಸ್ಟೀಮರ್ ಬೇಕಾಗಲಿಲ್ಲ, ಹೀಟರ್ ಬದಲಾಯಿಸಿದ್ದು ಸಾಕಾಯಿತು. ಒಟ್ಟು ಖರ್ಚು, ಅಕ್ಕ ಒಬ್ಬ ಮದುಮಗಳ ಮೇಕಪ್‌ಗೆ ತಗೊಳ್ಳುವಷ್ಟೂ ಆಗಲಿಲ್ಲ. “ಇಷ್ಟಕ್ಕೇನಾ ನಾನು ಯುಗಾದಿಯಿಂದ ಕಾದಿದ್ದು?” ಅಂದಳು, ಹುಡುಗಿಯ ಮುಖ ನೋಡದೆ.

ಈಗ ಕ್ಯಾಲೆಂಡರ್ ಪಕ್ಕ ಒಂದು ನೋಟ್‌ಬುಕ್ ನೇತಾಡುತ್ತಿದೆ. ತಿಂಗಳ ಮೊದಲನೇ ತಾರೀಕು ಆ ಹುಡುಗಿಯೇ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ದಿನಾಂಕ ಬರೆದು, ನನಗೊಂದು ವಾಟ್ಸಾಪ್ ಮೆಸೇಜ್ ಹಾಕುತ್ತಾಳೆ:

“ಅಕ್ಕ, ಟಪ್ ಅಂತ ಬಿತ್ತು. ಸರಿಯಾಗಿದೆ.”