ಲೀಟರ್ ಬೇರೆ, ಕೆಜಿ ಬೇರೆ

ಒಂದು ಲೀಟರ್ ಅಡುಗೆ ಎಣ್ಣೆಯ ಪ್ಯಾಕೆಟ್ಟನ್ನು ತಕ್ಕಡಿಗಿಟ್ಟು, ‘ನೋಡಿ, 910 ಗ್ರಾಂ ಮಾತ್ರ ಇದೆ, ಉಳಿದ 90 ಗ್ರಾಂ ಕಂಪನಿಯವರು ನುಂಗಿದ್ದಾರೆ’ ಎನ್ನುವ ಮಾತು ವರ್ಷಗಳಿಂದ ಸುತ್ತುತ್ತಲೇ ಇದೆ. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರೂ ಇದನ್ನು ನಂಬಿ ನಾಲ್ಕು ಜನಕ್ಕೆ ಹೇಳುತ್ತಾರೆ. ಪ್ಯಾಕೆಟ್ಟನ್ನು ತಿರುಗಿಸಿ ನೋಡಿದರೆ ಸಾಕಿತ್ತು: 1 ಲೀಟರ್, 910 ಗ್ರಾಂ ಎಂದು ಎರಡನ್ನೂ ಅಚ್ಚು ಹಾಕಿರುತ್ತಾರೆ. ಅಲ್ಲಿ ಯಾರೂ ಏನನ್ನೂ ನುಂಗಿಲ್ಲ.

ಲೀಟರ್ ಹೇಳುವುದು ವಸ್ತು ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು, ಕೆಜಿ ಹೇಳುವುದು ಅದರಲ್ಲಿ ದ್ರವ್ಯ ಎಷ್ಟಿದೆ ಎಂಬುದನ್ನು. ಎರಡೂ ಒಂದೇ ಆಗುವುದು ಹೆಚ್ಚುಕಡಿಮೆ ನೀರಿಗೆ ಮಾತ್ರ, ಅದಕ್ಕೊಂದು ಚರಿತ್ರೆಯಿದೆ. 1795ರಲ್ಲಿ ಫ್ರಾನ್ಸ್ ಮೆಟ್ರಿಕ್ ಪದ್ಧತಿಯನ್ನು ಕಟ್ಟುವಾಗ ಒಂದು ಘನ ಸೆಂಟಿಮೀಟರ್ ನೀರಿನ ತೂಕವನ್ನೇ ಗ್ರಾಂ ಎಂದು ಗೊತ್ತುಮಾಡಿತು. 1901ರಿಂದ 1964ರವರೆಗಂತೂ ಒಂದು ಕೆಜಿ ಶುದ್ಧ ನೀರು ಹಿಡಿಯುವ ಜಾಗವೇ ಲೀಟರಿನ ಅಧಿಕೃತ ವ್ಯಾಖ್ಯೆಯಾಗಿತ್ತು. ಆಮೇಲೆ ಆ ನಂಟನ್ನು ಕಡಿದು ಲೀಟರ್ ಎಂದರೆ ಸಾವಿರ ಘನ ಸೆಂಟಿಮೀಟರ್ ಎಂದು ನಿಲ್ಲಿಸಿದರು. ನಮ್ಮ ಕಡೆ ಗೊಂದಲಕ್ಕೆ ಇನ್ನೊಂದು ಬೇರೂ ಇದೆ. ಸೇರು ಅಳತೆಯೂ ಆಗಿತ್ತು, ತೂಕವೂ ಆಗಿತ್ತು. ರಾಗಿಯನ್ನು ಸೇರಿನಲ್ಲಿ ಅಳೆಯುತ್ತಿದ್ದರು, ಬೆಲ್ಲವನ್ನು ಸೇರಿನ ಲೆಕ್ಕದಲ್ಲಿ ತೂಗುತ್ತಿದ್ದರು.

ಆದರೂ ಕಣ್ಣೆದುರಿನ ಸಾಕ್ಷಿಯನ್ನು ಮರೆಯುವುದು ಹೇಗೆ? ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವುದನ್ನು ಎಲ್ಲರೂ ನೋಡಿದ್ದಾರೆ. ಅಷ್ಟೇ ಜಾಗದಲ್ಲಿ ನೀರಿಗಿಂತ ಕಡಿಮೆ ತೂಗುವುದರಿಂದಲೇ ಅದು ತೇಲುತ್ತದೆ. ಪೆಟ್ರೋಲು ಲೀಟರಿಗೆ ಮುಕ್ಕಾಲು ಕೆಜಿಯ ಆಸುಪಾಸು, ಜೇನುತುಪ್ಪ ಸುಮಾರು 1.4 ಕೆಜಿ, ಹಾಲು 1.03 ಕೆಜಿ. ಹಳ್ಳಿಯ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಕೆಲಸ ಮಾಡುವುದು ಆ 0.03ರ ಮೇಲೆ. ನೀರು ಬೆರೆತರೆ ಹಾಲಿನ ಸಾಂದ್ರತೆ ಇಳಿಯುತ್ತದೆ, ಕೊಳವೆ ಇನ್ನಷ್ಟು ಮುಳುಗುತ್ತದೆ.

ಎಣ್ಣೆಯ ವಿಷಯದಲ್ಲಿ ಜನ ನಿಜವಾಗಿ ಕಣ್ಣಿಡಬೇಕಾದ ಜಾಗವೇ ಬೇರೆ. ಅಂಗಡಿಯಲ್ಲಿ 15 ಲೀಟರಿನ ಟಿನ್ನೂ ಇರುತ್ತದೆ, 15 ಕೆಜಿಯ ಟಿನ್ನೂ ಇರುತ್ತದೆ. ಲೀಟರಿನ ಟಿನ್ನಿನಲ್ಲಿರುವುದು ಸುಮಾರು 13.65 ಕೆಜಿ. ಮದುವೆಗೆ ಹತ್ತು ಟಿನ್ ತರಿಸುವವರು ಇದನ್ನು ನೋಡದಿದ್ದರೆ ಹದಿಮೂರು ಕೆಜಿಗೂ ಹೆಚ್ಚು ಎಣ್ಣೆ ಲೆಕ್ಕ ತಪ್ಪುತ್ತದೆ. ಲೀಟರಿಗೆ 150 ರೂಪಾಯಿ, ಕೆಜಿಗೆ 160 ರೂಪಾಯಿ ಎಂದಿಟ್ಟುಕೊಳ್ಳಿ. ಅಗ್ಗವಾದದ್ದು ಎರಡನೆಯದು, ಏಕೆಂದರೆ 150ನ್ನು 0.91ರಿಂದ ಭಾಗಿಸಿದರೆ ಕೆಜಿಗೆ ಸುಮಾರು 165 ರೂಪಾಯಿ ಬೀಳುತ್ತದೆ. ಕೆಲವು ಕಂಪನಿಗಳು ಪ್ಯಾಕೆಟ್ಟಿನ ಮೇಲೆ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಿನ ತಾಪಮಾನದ ಲೀಟರ್ ಲೆಕ್ಕವನ್ನು ತೋರಿಸುತ್ತಿದ್ದದ್ದೂ ಉಂಟು. ಬಿಸಿಯಾದ ಎಣ್ಣೆ ಹಿಗ್ಗುತ್ತದೆ. 21 ಡಿಗ್ರಿಯಲ್ಲಿ ಸುಮಾರು 919 ಗ್ರಾಂ ತೂಗುವ ಒಂದು ಲೀಟರ್ ಸೋಯಾ ಎಣ್ಣೆ 60 ಡಿಗ್ರಿಯಲ್ಲಿ 893 ಗ್ರಾಮಿಗೆ ಇಳಿಯುತ್ತದೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ತಾಪಮಾನದ ಉಲ್ಲೇಖ ಬಿಟ್ಟು ಗಾತ್ರದ ಜೊತೆ ತೂಕವನ್ನೂ ಬರೆಯಿರಿ ಎಂದು ತಯಾರಕರಿಗೆ ಹೇಳಿತು. ಇದು ಗ್ರಾಹಕರ ಕಿಸೆಗೆ ನೇರವಾಗಿ ತಟ್ಟುವ ಸಂಗತಿ, ಆದರೆ ಇದರ ಬಗ್ಗೆ ಯಾರೂ ಕೂಗಲಿಲ್ಲ. ಇಲ್ಲದ ಮೋಸಕ್ಕೆ ಸಿಗುವ ಕಿವಿ ಇರುವ ಲೆಕ್ಕಕ್ಕೆ ಸಿಗುವುದಿಲ್ಲ. ಲೇಬಲ್ ಓದುವ ಅರ್ಧ ನಿಮಿಷದ ಕೆಲಸವನ್ನು ಬಿಟ್ಟು ಸಿಟ್ಟನ್ನು ಮಾತ್ರ ಹಂಚಿಕೊಳ್ಳುವ ಈ ಅಭ್ಯಾಸ ನನಗೆ ಸಹಿಸಲಾಗದು.

ಇಂಥ ತಪ್ಪುಗಳು ಇನ್ನೂ ಇವೆ. ಜ್ಯೋತಿರ್ವರ್ಷ ಕಾಲವಲ್ಲ, ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್ ದೂರ. ಕರೆಂಟು ಬಿಲ್ಲಿನ ಯೂನಿಟ್ ಎಂದರೆ ಕಿಲೋವ್ಯಾಟ್ ಅಲ್ಲ, ಕಿಲೋವ್ಯಾಟ್-ಗಂಟೆ. 40 ಡಿಗ್ರಿ ಸೆಲ್ಸಿಯಸ್ 20 ಡಿಗ್ರಿಯ ಎರಡರಷ್ಟು ಬಿಸಿಯಲ್ಲ: ಕೆಲ್ವಿನ್‌ನಲ್ಲಿ ಅವು 313 ಮತ್ತು 293.

ಎಣ್ಣೆಯಲ್ಲಿ ತಪ್ಪಿದರೆ ಹೋಗುವುದು ದುಡ್ಡು. ಎಂಎಲ್ ಮತ್ತು ಎಂಜಿ ಒಂದೇ ಎಂದುಕೊಂಡು ಮಗುವಿಗೆ ಔಷಧಿ ಕುಡಿಸಿದರೆ ಹೋಗಬಹುದಾದದ್ದು ಜೀವ. ಜ್ವರದ ಪ್ಯಾರಾಸಿಟಮಾಲ್ ಸಿರಪ್ಪಿನಲ್ಲಿ 5 ಎಂಎಲ್‌ಗೆ 125 ಎಂಜಿ ಇರುವುದುಂಟು, 250 ಎಂಜಿ ಇರುವುದೂ ಉಂಟು. ಕೂಸುಗಳಿಗೆಂದು ಬರುವ ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100 ಎಂಜಿ ಇರಬಹುದು. ಸಿರಪ್ಪಿನ ಅಳತೆಯಲ್ಲಿ ಈ ಡ್ರಾಪ್ಸ್ 5 ಎಂಎಲ್ ಹಾಕಿದರೆ ಮಗುವಿನ ಹೊಟ್ಟೆಗೆ 500 ಎಂಜಿ ಹೋಯಿತು. ಚಿಕ್ಕ ಬಾಟಲಿ, ಚಿಕ್ಕ ಮಗು, ಹಾಗಾಗಿ ಔಷಧಿಯೂ ಕಡಿಮೆ ಖಾರದ್ದಿರಬೇಕು ಎಂಬ ಊಹೆ ಇಲ್ಲಿ ಪೂರ್ತಿ ತಿರುಗುಮುರುಗು. ವೈದ್ಯರು ಎಂಜಿಯಲ್ಲಿ ಬರೆದಿದ್ದರೆ, ಕೈಯಲ್ಲಿರುವ ಬಾಟಲಿಯಲ್ಲಿ ಅದು ಎಷ್ಟು ಎಂಎಲ್ ಎಂದು ಔಷಧಿ ಅಂಗಡಿಯವರಿಂದ ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಒಂದು ಬಾಟಲಿಯ ಡ್ರಾಪರನ್ನಾಗಲಿ ಅಳತೆ ಮುಚ್ಚಳವನ್ನಾಗಲಿ ಇನ್ನೊಂದಕ್ಕೆ ಬಳಸಬೇಡಿ.