ತೆರೆಯ ತಾರೆಯರು, ಮನೆಯ ಹುಡುಗಿಯರು: ಕಂಬಂ ಕಣಿವೆಯಲ್ಲಿ ಉಡುಪಿನ ಚಿಂತೆ

ಹತ್ತು ಹನ್ನೆರಡರ ಹುಡುಗಿ ಸಿನಿಮಾ ನಟಿಯಂತೆಯೋ ಕೊರಿಯಾದ ಹಾಡುಗಾರ್ತಿಯಂತೆಯೋ ಉಡಬೇಕೆಂದು ಹಟ ಹಿಡಿದಾಗ ತಂದೆತಾಯಿಗೆ ಆಗುವ ಕಳವಳದಲ್ಲಿ ಎರಡು ಪ್ರಶ್ನೆಗಳು ಬೆರೆತಿರುತ್ತವೆ. ಬಟ್ಟೆ ಮೈಯನ್ನು ಎಷ್ಟು ಮುಚ್ಚುತ್ತದೆ ಎಂಬುದು ಒಂದು. ದೊಡ್ಡವರ ವೇಷವನ್ನು ಮಗುವಿಗೆ ತೊಡಿಸಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಪ್ರತಿ ತಲೆಮಾರೂ ತನ್ನದೇ ಉತ್ತರ ಕೊಟ್ಟುಕೊಂಡಿದೆ. ಎರಡನೆಯದರ ಬಗ್ಗೆ ಮಾತು ಕಡಿಮೆ, ನಿಜವಾಗಿ ಯೋಚಿಸಬೇಕಾದದ್ದು ಅದರ ಬಗ್ಗೆಯೇ. ತಮಿಳುನಾಡಿನ ತೇನಿ, ಕಂಬಂ ಕಣಿವೆ ಮತ್ತು ದಿಂಡಿಗಲ್ ಸೀಮೆಯಲ್ಲಿ ಕಳೆದ ಐವತ್ತು ವರ್ಷಗಳಲ್ಲಿ ನಡೆದುದನ್ನು ನೋಡಿದರೆ ಈ ಎರಡರ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಪಶ್ಚಿಮ ಘಟ್ಟದ ಮಗ್ಗುಲಲ್ಲಿ, ಮುಲ್ಲಪೆರಿಯಾರ್ ನೀರಿನಿಂದ ಹಸಿರಾಗಿರುವ ಈ ಕಣಿವೆಯಲ್ಲಿ ಕನ್ನಡ ಮನೆಮಾತಿನ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಕಾಪ್ಪಿಲಿಯರೆಂದೂ ಒಕ್ಕಲಿಗರೆಂದೂ ಕರೆಸಿಕೊಳ್ಳುವ ಬೇಸಾಯಗಾರರು, ಅನುಪ್ಪರು, ದೇವಾಂಗ ನೇಕಾರರು ಇವರಲ್ಲಿ ಮುಖ್ಯರು. ಒಲೆಯ ಮುಂದೆ ಕನ್ನಡ, ಶಾಲೆಯಲ್ಲಿ ತಮಿಳು. ಅಜ್ಜಿಯ ಕನ್ನಡ ಹೆಚ್ಚಾಗಿ ಬಾಯಿಮಾತಿನದು, ಲಿಪಿ ಕಲಿತವರು ವಿರಳ. ಹೀಗಾಗಿ ಇಲ್ಲಿನ ಹುಡುಗಿಯರು ಕಣ್ತುಂಬಿಕೊಳ್ಳುವ ತಾರೆಯರು ಯಾವಾಗಲೂ ಮನೆಮಾತಿನ ಆಚೆಯವರೇ: ಹಿಂದೆ ತಮಿಳಿನವರು, ಗಡಿಯಾಚೆ ಕೇರಳದ ಕುಮಳಿ ಕಡೆಯಿಂದ ಮಲಯಾಳದವರು, ಈಗ ಕೊರಿಯಾದವರು. ಬೆಂಗಳೂರಿನ ತಾಯಿಗೆ ತನ್ನ ಕಾಲದ ನಟಿಯರ ಹೆಸರು ಹೇಳಿ ಮಗಳಿಗೆ ಬುದ್ಧಿ ಹೇಳುವ ಅನುಕೂಲವಾದರೂ ಇದೆ. ಇಲ್ಲಿನ ತಾಯಿಗೆ ತನ್ನ ಮಾತಿನ ತಾರೆಯೊಬ್ಬಳು ಸಿಗುವುದೇ ಇಲ್ಲ.

ಜನಪ್ರಿಯ ಕಲೆಯ ಮಟ್ಟಿಗೆ ಈ ಸೀಮೆ ಬರೀ ನೋಡುಗರ ನಾಡಲ್ಲ. ನಿರ್ದೇಶಕ ಭಾರತಿರಾಜಾ ತೇನಿಯ ಅಲ್ಲಿನಗರದವರು, ಸಂಗೀತ ನಿರ್ದೇಶಕ ಇಳಯರಾಜಾ ಪಣ್ಣೈಪುರದವರು, ಗೀತರಚನಕಾರ ವೈರಮುತ್ತು ವಡುಗಪಟ್ಟಿಯಲ್ಲಿ ಬೆಳೆದವರು. ಭಾರತಿರಾಜಾ ಕೆಲಸ ಕಲಿತದ್ದು ಪುಟ್ಟಣ್ಣ ಕಣಗಾಲರ ಬಳಿ ಸಹಾಯಕರಾಗಿ. 1977ರಲ್ಲಿ ಅವರು ಮಾಡಿದ ಮೊದಲ ಚಿತ್ರ ‘16 ವಯದಿನಿಲೇ’ಯ ಬಹುಪಾಲು ಚಿತ್ರೀಕರಣ ನಡೆದದ್ದು ನಮ್ಮ ಕೊಳ್ಳೇಗಾಲದ ಸುತ್ತ. ಅದರಲ್ಲಿ ಶ್ರೀದೇವಿ ಲಂಗ ದಾವಣಿ ಉಟ್ಟ ಹಳ್ಳಿ ಹುಡುಗಿ ಮಯಿಲ್ ಆಗಿ ಕಾಣಿಸಿಕೊಂಡರು. ಪ್ರಾಯಕ್ಕೆ ಬಂದ ಹುಡುಗಿಗೆ ಸೋದರಮಾವ ತಂದುಕೊಡುವ ಉಡುಪಾಗಿದ್ದ ದಾವಣಿ ತೆರೆಯ ಮೇಲೆ ಸೊಬಗಿನ ಗುರುತಾಯಿತು. ಅದಕ್ಕೂ ಹಿಂದಿನ ತಲೆಮಾರಿನ ಅಜ್ಜಿಯರಲ್ಲಿ ಅನೇಕರು ರವಿಕೆಯಿಲ್ಲದೆ ಸೀರೆ ಸುತ್ತಿಕೊಂಡು, ಜೋತುಬಿದ್ದ ಕಿವಿಯಲ್ಲಿ ತಂಡಟ್ಟಿ ಎಂಬ ಭಾರದ ಓಲೆ ತೂಗಿಸಿಕೊಂಡು ಹೊಲಕ್ಕೆ ಹೋದವರು. ಅವರನ್ನು ಮರ್ಯಾದೆಗೆಟ್ಟವರೆಂದು ಯಾರೂ ಅನ್ನಲಿಲ್ಲ. ‘ಸಂಪ್ರದಾಯದ ಉಡುಪು’ ಎಂದು ಇಂದು ಹೇಳುವುದು ಬಹಳ ಮಟ್ಟಿಗೆ ಹೇಳುವವರ ಬಾಲ್ಯದಲ್ಲಿ ಕಂಡ ಉಡುಪು, ಅಷ್ಟೇ.

1985ರಲ್ಲಿ ‘ಪೂವೇ ಪೂಚೂಡವಾ’ ಚಿತ್ರದ ಮೂಲಕ ತಮಿಳಿಗೆ ಬಂದ ನದಿಯಾ, ತಾರೆಯೊಬ್ಬಳು ಹುಡುಗಿಯರ ಕನ್ನಡಿಯೊಳಗೆ ನೇರವಾಗಿ ಇಳಿದುಬಂದುದಕ್ಕೆ ದೊಡ್ಡ ಉದಾಹರಣೆ. ನದಿಯಾ ಓಲೆ, ನದಿಯಾ ಕ್ಲಿಪ್ಪು, ನದಿಯಾ ಬಳೆ ಎಂದು ಅಂಗಡಿಗಳು ಮಾರಿದವು. ಚೂಡಿದಾರ್ ತೊಟ್ಟ, ಚುರುಕು ಮಾತಿನ ಆ ಹುಡುಗಿಯನ್ನು ಕಂಡ ಹಳ್ಳಿಗಳ ಹೆಣ್ಣುಮಕ್ಕಳೂ ಚೂಡಿದಾರ್ ಕೇಳತೊಡಗಿದರು. ಅಂದು ಅದು ಉತ್ತರದವರ ಉಡುಪು, ಸಿನಿಮಾದವರ ಉಡುಪು. ‘ನಾಲ್ಕು ಜನ ಏನಂದಾರು’ ಎಂಬ ಮಾತಿಗೆ ಗುರಿಯಾದದ್ದು ಅದೇ. ಕರ್ನಾಟಕದಲ್ಲಿ ನಟಿ ಕಲ್ಪನಾ ತೊಟ್ಟ ಉದ್ದ ತೋಳಿನ ಕುಪ್ಪಸವನ್ನು ಹೊಲಿಸಿಕೊಂಡ ಹೆಂಗಸರೂ ಮನೆಯ ಹಿರಿಯರಿಂದ ಇಂಥದ್ದನ್ನು ಕೇಳಿಸಿಕೊಂಡಿರಬೇಕು.

ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಚೂಡಿದಾರ್ ಸಭ್ಯತೆಯ ಅಳತೆಗೋಲಾಯಿತು. ಸರ್ಕಾರಿ ಶಾಲೆಗಳ ದೊಡ್ಡ ಹುಡುಗಿಯರ ಸಮವಸ್ತ್ರದಲ್ಲಿ ದಾವಣಿಯ ಜಾಗಕ್ಕೆ ಸಲ್ವಾರ್ ಕಮೀಜ್ ಬಂತು. 2015ರ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠದ ಏಕಸದಸ್ಯ ನ್ಯಾಯಮೂರ್ತಿ ದೇವಸ್ಥಾನಗಳಿಗೆ ಉಡುಪಿನ ನಿಯಮ ವಿಧಿಸಿ, ಹೆಂಗಸರಿಗೆ ಒಪ್ಪುವ ಉಡುಪುಗಳಾಗಿ ಸೀರೆ ಮತ್ತು ದಾವಣಿಯ ಜೊತೆಗೆ ಮೇಲುವಸ್ತ್ರವಿರುವ ಚೂಡಿದಾರನ್ನೂ ಹೆಸರಿಸಿದರು. 2016ರ ಜನವರಿ 1ರಿಂದ ಪಳನಿಯಂಥ ದೇವಸ್ಥಾನಗಳಿಗೂ ಅನ್ವಯಿಸಬೇಕಾಗಿದ್ದ ಈ ಆದೇಶಕ್ಕೆ ಅದೇ ತಿಂಗಳು ವಿಭಾಗೀಯ ಪೀಠ ತಡೆ ಕೊಟ್ಟಿತು. ಆ ವೇಳೆಗೆ ಆಕ್ಷೇಪದ ಬೆರಳು ಲೆಗ್ಗಿಂಗ್ಸ್ ಕಡೆ ತಿರುಗಿತ್ತು. ಮುಚ್ಚುವುದು ಎಷ್ಟು ಎಂಬ ಪ್ರಶ್ನೆಯ ಗತಿಯೇ ಇದು. ತಾಯಿ ಹಟ ಮಾಡಿ ಗೆದ್ದುಕೊಂಡ ಉಡುಪನ್ನೇ ಮಗಳ ಮೇಲೆ ಕಟ್ಟಳೆಯಾಗಿ ಹೇರಲಾಗುತ್ತದೆ.

ಈಗಿನ ಅಲೆ ಕೊರಿಯಾದ ಹಾಡು ತಂಡಗಳದು. ಬಿಟಿಎಸ್, ಬ್ಲ್ಯಾಕ್‌ಪಿಂಕ್ ಹೆಸರುಗಳು ಟಾಕೀಸಿನ ಹಂಗಿಲ್ಲದೆ ಮೊಬೈಲಿನಲ್ಲೇ ಹಳ್ಳಿ ತಲುಪಿವೆ. 2024ರ ಜನವರಿಯಲ್ಲಿ ದಿಂಡಿಗಲ್ಲಿಗೆ ಹೊಂದಿಕೊಂಡ ಕರೂರು ಜಿಲ್ಲೆಯ ಮೂವರು ಎಂಟನೆಯ ತರಗತಿ ಹುಡುಗಿಯರು ಬಿಟಿಎಸ್ ತಂಡವನ್ನು ನೋಡಲು ಹಡಗು ಹತ್ತುವ ಯೋಚನೆಯಲ್ಲಿ ಮನೆ ಬಿಟ್ಟು, ಕಾಟ್ಪಾಡಿ ರೈಲು ನಿಲ್ದಾಣದಲ್ಲಿ ಪತ್ತೆಯಾದರು. ಸಣ್ಣ ಊರಿನ ಮಗುವಿನ ಮನಸ್ಸನ್ನು ದೂರದ ತಾರೆ ಎಷ್ಟು ತುಂಬಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಉಡುಪಿನ ಮಟ್ಟಿಗೆ ಮಾತ್ರ ಈ ಅಲೆಯಲ್ಲಿ ಒಂದು ವಿಶೇಷವಿದೆ. ಗಿಡ್ಡ ಸ್ಕರ್ಟು, ಹೊಟ್ಟೆ ಕಾಣುವ ಟಾಪುಗಳ ಜೊತೆಗೆ ಜೋಲುವಷ್ಟು ಅಗಲದ ಟೀಶರ್ಟು, ಜೇಬು ತುಂಬಿದ ಕಾರ್ಗೋ ಪ್ಯಾಂಟುಗಳೂ ಬಂದಿವೆ. ಮೈಯನ್ನು ಪೂರ್ತಿ ಮುಚ್ಚುವ ಇವಕ್ಕೂ ‘ಗಂಡುಬೀರಿ ವೇಷ’ ಎಂಬ ತಕರಾರು ತಪ್ಪುವುದಿಲ್ಲ. ಆದರೆ ದ್ರಾಕ್ಷಿ ತೋಟಕ್ಕೋ, ಜೀಪಿನಲ್ಲಿ ಘಟ್ಟ ಹತ್ತಿ ಇಡುಕ್ಕಿಯ ಏಲಕ್ಕಿ ತೋಟಕ್ಕೋ ಕೂಲಿಗೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುವುದು ಇಲ್ಲಿ ದಿನನಿತ್ಯದ ನೋಟ. ದುಡಿಮೆಗೆ ಒಪ್ಪಿದ ಅಗಲದ ಅಂಗಿ ಆಟಕ್ಕೆ ಯಾಕೆ ಒಪ್ಪಬಾರದು?

ದೊಡ್ಡವರ ವೇಷ ಮಗುವಿಗೆ ಸಲ್ಲುವುದೇ ಎಂಬ ಎರಡನೆಯ ಪ್ರಶ್ನೆ ಬೇರೆ ತೂಕದ್ದು. ದಕ್ಷಿಣದ ಈ ಜಿಲ್ಲೆಗಳಲ್ಲಿ ಪಂಗುನಿ, ಚಿತ್ತಿರೈ, ವೈಗಾಸಿ ತಿಂಗಳ ಊರ ಜಾತ್ರೆಗಳಲ್ಲಿ ‘ಆಡಲ್ ಪಾಡಲ್’ ಎಂಬ ರಾತ್ರಿ ಕಾರ್ಯಕ್ರಮ ಇರುತ್ತದೆ. ಸಿನಿಮಾ ಹಾಡು ಹಾಕಿ, ಹಾಡಿನ ನಟನಟಿಯರಂತೆಯೇ ವೇಷ ಕಟ್ಟಿದವರು ಕುಣಿಯುತ್ತಾರೆ. ಅನುಮತಿಗಾಗಿ ಊರವರು ಪ್ರತಿ ಹಂಗಾಮಿನಲ್ಲೂ ಮಧುರೈ ಪೀಠದ ಮೆಟ್ಟಿಲು ಹತ್ತುತ್ತಾರೆ. ಅಶ್ಲೀಲ ಕುಣಿತ ಇರಬಾರದು, ಇಬ್ಬಗೆಯ ಅರ್ಥದ ಹಾಡು ಬೇಡ, ಇಷ್ಟು ಹೊತ್ತಿಗೆ ಮುಗಿಸಬೇಕು ಎಂಬ ಷರತ್ತುಗಳೊಡನೆ ನ್ಯಾಯಾಲಯ ಒಪ್ಪುವುದುಂಟು. ಮೇಲೆ ಹೇಳಿದ ದೇವಸ್ಥಾನದ ಉಡುಪಿನ ಆದೇಶವೂ ತಿರುಚಿರಾಪಳ್ಳಿ ಜಿಲ್ಲೆಯ ಹಳ್ಳಿಯೊಂದು ಇಂಥ ಅನುಮತಿ ಕೇಳಿದ ಅರ್ಜಿಯಿಂದಲೇ ಹುಟ್ಟಿತು. ಈ ಕುಣಿತವನ್ನು ವೇದಿಕೆಯ ಮುಂದಿನ ಸಾಲಿನಲ್ಲಿ ಕುಳಿತು ನೋಡುವವರು ಮಕ್ಕಳು. ಮರುದಿನ ಅದನ್ನು ಅಂಗಳದಲ್ಲಿ ಆಡಿ ತೋರಿಸಿದಾಗ ಚಪ್ಪಾಳೆ ತಟ್ಟುವವರು ದೊಡ್ಡವರು.

ಟೆಲಿವಿಷನ್ ಈ ಚಪ್ಪಾಳೆಯನ್ನು ದೊಡ್ಡದು ಮಾಡಿತು. ಮಕ್ಕಳ ನೃತ್ಯ ಸ್ಪರ್ಧೆಗಳಲ್ಲಿ ಸಿನಿಮಾದಲ್ಲಿ ವಯಸ್ಕರು ಮಾಡಿದ ಹೆಜ್ಜೆಗಳನ್ನು ಪುಟ್ಟ ಮಕ್ಕಳಿಂದ ಮಾಡಿಸುವುದು ಅವರ ವಯಸ್ಸಿಗೆ ತಕ್ಕುದಲ್ಲ, ಅದು ಅವರ ಮೇಲೆ ಕೆಟ್ಟ ಪರಿಣಾಮ ಬೀರಬಹುದು ಎಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2019ರ ಜೂನ್ 18ರಂದು ಖಾಸಗಿ ವಾಹಿನಿಗಳಿಗೆ ಸೂಚನೆ ಕಳಿಸಿತು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಕಾರ್ಯಪಡೆ 2007ರಲ್ಲೇ ಇದೇ ಮಾತನ್ನು ಸಂಶೋಧನೆಗಳ ಆಧಾರದ ಮೇಲೆ ಹೇಳಿತ್ತು. ತನ್ನ ಬೆಲೆಯೆಲ್ಲ ಮೈಯ ಆಕರ್ಷಣೆಯಲ್ಲಿದೆ ಎಂದು ಹುಡುಗಿಗೆ ಕಲಿಸುವ ವಾತಾವರಣ ಆಹಾರ ಸೇವನೆಯ ಕಾಯಿಲೆಗಳೊಡನೆ, ಕೀಳರಿಮೆಯೊಡನೆ, ಖಿನ್ನತೆಯೊಡನೆ ನಂಟು ಹೊಂದಿದೆ ಎಂಬುದು ಅದರ ತೀರ್ಮಾನ. ಬ್ರಿಟನ್ನಿನಲ್ಲಿ ಮಕ್ಕಳ ಬಾಲ್ಯದ ಮೇಲಿನ ವ್ಯಾಪಾರದ ಒತ್ತಡ ಕುರಿತ ಬೈಲಿ ವರದಿ ಬಂದದ್ದು 2011ರಲ್ಲಿ. ಅಲ್ಲಿ ಮುಖ್ಯ ಹೊಣೆ ಬಿದ್ದದ್ದು ಉಡುವ ಮಗುವಿನ ಮೇಲಲ್ಲ, ಹೊಲಿಸಿ ಮಾರುವವರ ಮತ್ತು ಬಿತ್ತರಿಸುವವರ ಮೇಲೆ.

ಮನೆಯೊಳಗೂ ನೋಡಬೇಕಾದದ್ದಿದೆ. ಹುಡುಗಿ ಮೈನೆರೆದಾಗ ನಡೆಯುವ ‘ಮಂಜಳ್ ನೀರಾಟ್ಟು’ ಸಮಾರಂಭಕ್ಕೆ ಬೀದಿ ತುಂಬ ಫ್ಲೆಕ್ಸ್ ಕಟ್ಟುವುದು ಈ ಕಡೆ ರೂಢಿಯಾಗಿದೆ. ಹನ್ನೆರಡು ಹದಿಮೂರರ ಮಗುವಿಗೆ ಮದುವಣಗಿತ್ತಿಯಂತೆ ಬಣ್ಣ ಬಳಿದು, ಸಿನಿಮಾ ನಾಯಕಿಯ ಭಂಗಿಯಲ್ಲಿ ನಿಲ್ಲಿಸಿ ತೆಗೆದ ಚಿತ್ರ ಅದರ ಮೇಲಿರುತ್ತದೆ. ಇಲ್ಲಿ ಬಟ್ಟೆ ಪೂರ್ತಿ ಇದೆ, ರೇಷ್ಮೆಯೇ ಇದೆ. ಮಗುವನ್ನು ಹೆಂಗಸಾಗಿ ಊರಿಗೆಲ್ಲ ತೋರಿಸುವ ಕೆಲಸವೂ ಪೂರ್ತಿ ನಡೆಯುತ್ತದೆ. ಅಗಲದ ಟೀಶರ್ಟಿಗೆ ಬೈದ ಮನೆಯೇ ಇದಕ್ಕೆ ಖರ್ಚು ಮಾಡುತ್ತದೆ. ಚಿಂತೆ ಪಡಬೇಕಾದ ಜಾಗ ಇದು ಎಂದು ಹೆತ್ತವರಿಗೆ ನೇರವಾಗಿ ಹೇಳಲೇಬೇಕು.

ಹೆತ್ತವರ ಆತಂಕದ ತಳದಲ್ಲಿರುವುದು ಮಗಳ ಸುರಕ್ಷತೆಯ ಭಯ. ಭಯ ನಿಜ, ಅದನ್ನು ಹಗುರ ಮಾಡಲಾಗದು. ಆದರೆ ಅಪಾಯಕ್ಕೂ ಬಟ್ಟೆಗೂ ಹಾಕುವ ಗಂಟು ಸಡಿಲವಾದದ್ದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳ ಪ್ರಕಾರ ಮಕ್ಕಳ ಮೇಲಿನ ಅತ್ಯಾಚಾರದ ಪೋಕ್ಸೊ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರೇ: ನೆಂಟರು, ನೆರೆಯವರು, ಗೊತ್ತಿದ್ದವರು. ಬೀದಿಯಲ್ಲಿ ಕಂಡ ಬಟ್ಟೆಯಿಂದ ಕೆರಳಿದ ಅಪರಿಚಿತನ ಕಥೆ ಈ ಅಂಕಿಗಳಿಗೆ ಹೊಂದುವುದಿಲ್ಲ. 2012ರ ಪೋಕ್ಸೊ ಕಾಯಿದೆಯಾಗಲಿ, ತಮಿಳುನಾಡು 1998ರಲ್ಲಿ ತಂದ ಹೆಣ್ಣುಮಕ್ಕಳ ಚುಡಾವಣೆ ತಡೆ ಕಾಯಿದೆಯಾಗಲಿ ಹುಡುಗಿ ಏನು ಉಟ್ಟಿದ್ದಳೆಂದು ಕೇಳುವುದಿಲ್ಲ.

ಅಪಾಯ ಬಟ್ಟೆಯಿಂದ ಬರುವುದಲ್ಲ ಎಂಬುದಕ್ಕೆ ದಿಂಡಿಗಲ್ಲಿನ ಗಿರಣಿಗಳು ಹತ್ತಿರದ ಪುರಾವೆ. ಇಲ್ಲಿಯೂ ಕೊಯಮತ್ತೂರು, ತಿರುಪ್ಪೂರುಗಳಲ್ಲಿಯೂ ನೂಲಿನ ಗಿರಣಿಗಳು ‘ಸುಮಂಗಲಿ’ ಎಂಬ ಹೆಸರಿನಲ್ಲಿ ಹದಿಹರೆಯದ ಹುಡುಗಿಯರನ್ನು ಸುಮಾರು ಮೂರು ವರ್ಷದ ಕರಾರಿಗೆ ಸೇರಿಸಿಕೊಳ್ಳುತ್ತಿದ್ದವು. ಕೊನೆಗೆ ಮದುವೆ ಖರ್ಚಿಗೆ ಇಡಿಗಂಟು, ಅಲ್ಲಿಯವರೆಗೆ ಹಾಸ್ಟೆಲಿನ ಗೋಡೆಯೊಳಗೆ ಕಾವಲು ಎಂಬ ಭರವಸೆಯನ್ನು ಹೆತ್ತವರಿಗೆ ಕೊಡಲಾಗುತ್ತಿತ್ತು. ಮೈತುಂಬ ಬಟ್ಟೆ, ಕಟ್ಟುನಿಟ್ಟಿನ ಹಾಸ್ಟೆಲು ಎರಡೂ ಇದ್ದ ಕಡೆಗಳಿಂದಲೇ ದೀರ್ಘ ಪಾಳಿ, ಮೇಲ್ವಿಚಾರಕರ ಕಿರುಕುಳದ ದೂರುಗಳು ಬಂದವು. ಜಗತ್ತಿನ ತಾರೆಯರನ್ನು ನೋಡಿ ಹುಡುಗಿಯರು ಬಯಸುವ ಅಗ್ಗದ ಫ್ಯಾಷನ್ ಉಡುಪುಗಳ ನೂಲಿನಲ್ಲಿ, ಹೊಲಿಗೆಯಲ್ಲಿ ಇದೇ ಸೀಮೆಯ ಹೆಣ್ಣುಮಕ್ಕಳ ದುಡಿಮೆಯೂ ಇದೆ. 2021ರ ಆರಂಭದಲ್ಲಿ ಇಲ್ಲಿನ ಉಡುಪು ಕಾರ್ಖಾನೆಯೊಂದರ ಕೆಲಸಗಾರ್ತಿಯ ಕೊಲೆಯಾದ ಮೇಲೆ ಹೆಂಗಸರೇ ಮುನ್ನಡೆಸುವ ತಮಿಳುನಾಡು ಜವಳಿ ಮತ್ತು ಸಾಮಾನ್ಯ ಕಾರ್ಮಿಕರ ಸಂಘ ಹೋರಾಟಕ್ಕಿಳಿಯಿತು. 2022ರ ಏಪ್ರಿಲಿನಲ್ಲಿ ಆ ಸಂಘ, ಏಷ್ಯಾ ಫ್ಲೋರ್ ವೇಜ್ ಅಲಯನ್ಸ್ ಮತ್ತು ಅಮೆರಿಕದ ಕಾರ್ಮಿಕ ಹಕ್ಕುಗಳ ಸಂಸ್ಥೆಯೊಂದು, ಉಡುಪು ತಯಾರಿಸುವ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಹಾಗೂ ಅದನ್ನು ಕೊಳ್ಳುವ ಎಚ್‌ಆ್ಯಂಡ್‌ಎಂ ಕಂಪನಿಗಳ ಜೊತೆ ‘ದಿಂಡಿಗಲ್ ಒಪ್ಪಂದ’ ಮಾಡಿಕೊಂಡವು; ಬಳಿಕ ಗ್ಯಾಪ್, ಪಿವಿಎಚ್ ಕಂಪನಿಗಳೂ ಸೇರಿದವು. ಕಿರುಕುಳವನ್ನು ಕಂಡಕೂಡಲೇ ದಾಖಲಿಸಿ ತಡೆಯಲು ಕೆಲಸಗಾರ್ತಿಯರಿಗೇ ತರಬೇತಿ ಕೊಟ್ಟು, ಕಾರ್ಖಾನೆಯೊಳಗೆ ನಿಗಾದಾರರನ್ನಾಗಿ ನೇಮಿಸುವುದು ಅದರ ಮುಖ್ಯ ಅಂಶ.